ಹಿಂದಕ್ಕೆ ಸುತ್ತಿದ ಜೀಪು

‘ಕಟ್’ ಎಂದು ದೊಡ್ಡ ಶಬ್ದ ಬಂತು. ಕಣದಲ್ಲಿ ಗರಗರ ಸುತ್ತುತ್ತಿದ್ದ ಜೀಪು ಒಮ್ಮೆ ಮುಗ್ಗರಿಸಿ ನಿಂತೇಬಿಟ್ಟಿತು.

ಮೇಘಶ್ರೀ ಕೈಯಲ್ಲಿದ್ದ ಪೊರಕೆಯನ್ನು ಅಲ್ಲೇ ಬಿಟ್ಟು ಓಡಿದಳು. ಅಪ್ಪ ಮತ್ತೆ ಕೀಲಿ ತಿರುಗಿಸಿದ. ಇಂಜಿನ್ ಸ್ಟಾರ್ಟ್ ಆಯಿತು. ಆದರೆ ಕ್ಲಚ್ ಬಿಡುತ್ತಿದ್ದ ಹಾಗೆ ಜೀಪಿನ ಹೊಟ್ಟೆಯೊಳಗಿಂದ ಕಲ್ಲು ಅರೆದಂಥ ಸದ್ದು. ಅಪ್ಪ ಗಾಬರಿಯಿಂದ ಆಫ್ ಮಾಡಿದ. ಗೇರಿನ ಪಕ್ಕದಲ್ಲಿರುವ ಗಿಡ್ಡ ಲಿವರನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ, ನೂಕಿದ, ಕಾಲಿಂದಲೂ ಒಂದು ಏಟು ಕೊಟ್ಟ. ಅದು ಜಪ್ಪಯ್ಯ ಅನ್ನಲಿಲ್ಲ.

ಆ ಗಿಡ್ಡ ಲಿವರ್ ಏನೆಂದು ಮೇಘಳಿಗೆ ಗೊತ್ತಿತ್ತು. ಅದನ್ನು ಹಾಕಿದರೆ ಹಿಂದಿನ ಎರಡು ಚಕ್ರಗಳ ಜೊತೆಗೆ ಮುಂದಿನ ಎರಡಕ್ಕೂ ಇಂಜಿನ್ನಿನ ಬಲ ಸಿಗುತ್ತದೆ. ಫೋರ್ ವೀಲ್ ಅನ್ನುತ್ತಾರಲ್ಲ, ಅದೇ. ಕೆಸರಿನಲ್ಲೋ ಹಳ್ಳದಲ್ಲೋ ಹೂತುಕೊಂಡಾಗ ಮಾತ್ರ ಅಪ್ಪ ಅದನ್ನು ಹಾಕುತ್ತಿದ್ದ. ಇವತ್ತು ಮಾತ್ರ ಅವನಿಗೆ ಹೊಸ ಬುದ್ಧಿ ಬಂದಿತ್ತು.

ರಾಗಿ ಒಕ್ಕಣೆಯ ಕಾಲ. ಮನೆಯ ಪಕ್ಕದಲ್ಲೇ ಪಂಚಾಯಿತಿಯವರು ಕಟ್ಟಿಸಿಕೊಟ್ಟ ಸಿಮೆಂಟ್ ಕಣದಲ್ಲಿ ಒಬ್ಬರಾದ ಮೇಲೆ ಒಬ್ಬರಂತೆ ಎಲ್ಲರೂ ತೆನೆ ಹರಡಿ, ಟ್ರ್ಯಾಕ್ಟರ್ ಸುತ್ತಿಸಿ ಕಾಳು ಉದುರಿಸುತ್ತಿದ್ದರು. ಮನೆಯಲ್ಲೇ ಜೀಪು ಇಟ್ಟುಕೊಂಡು ಟ್ರ್ಯಾಕ್ಟರಿಗೆ ಯಾಕೆ ಬಾಡಿಗೆ ಕೊಡಬೇಕು ಎಂದು ಅಪ್ಪ ಜೀಪನ್ನೇ ತಂದು ಇಳಿಸಿದ. ಎರಡು ಚಕ್ರ ಜೋರು ಮಾಡಿದರೆ ಇಷ್ಟು ಕಾಳು ಉದುರುತ್ತದೆ, ನಾಲ್ಕೂ ಜೋರು ಮಾಡಿದರೆ ಇನ್ನೆಷ್ಟು ಉದುರಬೇಡ ಎಂದು ಲೆಕ್ಕ ಹಾಕಿದ. ಗಿಡ್ಡ ಲಿವರ್ ಎಳೆದು, ಬೆಳಗಿನಿಂದ ಒಂದೇ ಸಮನೆ ಸುತ್ತು ಹೊಡೆದ. ಲೆಕ್ಕವೇನೋ ಚೆನ್ನಾಗಿಯೇ ಇತ್ತು. ಜೀಪು ಒಪ್ಪಲಿಲ್ಲ ಅಷ್ಟೆ.

ಮುಂದಿನ ಸರದಿ ಪಕ್ಕದ ತೋಟದ ಬೋರಯ್ಯನದು. ಅವನ ತೆನೆಯ ಗಾಡಿ ಆಗಲೇ ಬಂದು ನಿಂತಿತ್ತು. ಅವನೂ ಅವನ ಆಳುಗಳೂ ಸೇರಿ ಜೀಪನ್ನು ತಳ್ಳಿದರು. ನ್ಯೂಟ್ರಲ್‌ನಲ್ಲಿದ್ದರೂ ಅದು ಸಲೀಸಾಗಿ ಉರುಳಲಿಲ್ಲ. ಹಟ ಹಿಡಿದ ಎಮ್ಮೆಯನ್ನು ಎಳೆದ ಹಾಗೆ ಅಂಗುಲ ಅಂಗುಲ ನೂಕಿ ಹುಣಸೆಮರದ ಕೆಳಗೆ ನಿಲ್ಲಿಸಿದರು.

ಈ ಜೀಪಿಗೆ ಹೆಚ್ಚುಕಡಿಮೆ ಅಪ್ಪನಷ್ಟೇ ವಯಸ್ಸು. ಅಪ್ಪ ಅದನ್ನು ಓಡಿಸುತ್ತಿದ್ದ ಅನ್ನುವುದಕ್ಕಿಂತ ಸಾಕುತ್ತಿದ್ದ ಅಂದರೆ ಸರಿ. ಸೀಟು ಹರಿದಾಗ ಅಪ್ಪನ ಅವ್ವ ಹುಚ್ಚಮ್ಮಜ್ಜಿ ದಬ್ಬಳ ಹಿಡಿದು ಗೋಣಿತಾಟು ಹೊಲಿದುಕೊಟ್ಟಿದ್ದಳು. ಬಲಗಡೆಯ ಬಾಗಿಲಿಗೆ ಚಿಲಕವೇ ಇಲ್ಲ, ತೆಂಗಿನ ನಾರಿನ ಹಗ್ಗ ಕಟ್ಟುವುದು. ಸೈಲೆನ್ಸರ್ ತೂತಾದಾಗ ಆಯಿಲ್ ಡಬ್ಬ ಕತ್ತರಿಸಿ ತಂತಿ ಸುತ್ತಿ ಮುಚ್ಚಿದ್ದಾಯಿತು. ಯಾವ ಸಾಮಾನು ಹೋದರೂ ಅಪ್ಪ ಅರಸೀಕೆರೆಯ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ, ಅಂಥದ್ದೇ ಹಳೆಯದೊಂದನ್ನು ಪೇಪರಿನಲ್ಲಿ ಸುತ್ತಿಕೊಂಡು ತರುತ್ತಿದ್ದ. ಹೆಂಡತಿಗೆ ಸೀರೆ ಆರಿಸುವಾಗ ಈ ತಾಳ್ಮೆ ಎಲ್ಲಿಗೆ ಹೋಗಿರುತ್ತೋ ಎಂದು ಅಮ್ಮ ಹಂಗಿಸುತ್ತಿದ್ದಳು.

ಇಂಡಿಕೇಟರ್ ಕೆಟ್ಟು ಎಷ್ಟೋ ಕಾಲವಾಗಿತ್ತು. ಎಡಕ್ಕೆ ತಿರುಗುವಾಗ ಕೈ ಹೊರಗೆ ಹಾಕಿ ಅಲ್ಲಾಡಿಸುವುದು ಮೇಘಳ ಕೆಲಸ. ಹಿಂದೆ ಬರುವ ಬಸ್ಸು ತನ್ನ ಕೈ ನೋಡಿ ನಿಧಾನ ಮಾಡಿದಾಗ ಅವಳಿಗೆ ತಾನೇ ಪೊಲೀಸ್ ಇನ್‌ಸ್ಪೆಕ್ಟರ್ ಅನ್ನಿಸುತ್ತಿತ್ತು.

“ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ” ಎಂದು ಅಜ್ಜಿ ಮೊರ ಕೊಡವುತ್ತಾ ಗೊಣಗಿದಳು. ಅಪ್ಪನಿಗೆ ಕೇಳಿಸಿತು. ಅವನ ಕಿವಿ ಕೆಂಪಾಯಿತು.

ಅವನು ಅಲ್ಲಿಂದಲೇ ಅರಸೀಕೆರೆಯ ಮೆಕ್ಯಾನಿಕ್ ತಮ್ಮಯ್ಯನಿಗೆ ಫೋನ್ ಮಾಡಿದ. ಸದ್ದು ಬಂದದ್ದು, ಲಿವರ್ ಸಿಕ್ಕಿಕೊಂಡದ್ದು ಎಲ್ಲ ಹೇಳಿದ. ಹೇಗಾಯಿತು ಎಂದು ತಮ್ಮಯ್ಯ ಕೇಳಿರಬೇಕು. ಸುಮ್ಮನೆ ಹೋಗುತ್ತಿದ್ದೆ, ನಿಂತುಹೋಯಿತು ಅಂದ ಅಪ್ಪ. ಸಿಮೆಂಟ್ ಕಣದಲ್ಲಿ ಸುತ್ತು ಹೊಡೆದ ಮಾತನ್ನೇ ಎತ್ತಲಿಲ್ಲ. ಫೋರ್ ವೀಲನ್ನು ಕೆಸರಲ್ಲಿ ಬಿಟ್ಟು ಬೇರೆಲ್ಲೂ ಹಾಕಬೇಡ ಎಂದು ತಮ್ಮಯ್ಯ ಹಿಂದೊಮ್ಮೆ ಬೈದಿದ್ದ. ಈಗ ಹೇಳಿದರೆ ಇನ್ನೊಂದು ಸಲ ಬೈಸಿಕೊಳ್ಳಬೇಕಾಗುತ್ತದೆ, ಅದೂ ಬೋರಯ್ಯನ ಎದುರಿಗೆ.

ಫೋನಿಟ್ಟಾಗ ಅಪ್ಪನ ಮುಖ ಸಪ್ಪಗಾಗಿತ್ತು. ಒಳಗೆ ಗೇರಿನ ಹಲ್ಲು ಮುರಿದಿರಬೇಕಂತೆ. ಓಡಿಸಿದರೆ ಉಳಿದದ್ದೂ ಪುಡಿಯಾಗುತ್ತದಂತೆ. ಬಿಚ್ಚಿ ಮಾಡಿಸಲು ತುಂಬ ಖರ್ಚು, ಆ ಸಾಮಾನು ಈಗ ಸಿಗುವುದೂ ಅನುಮಾನವಂತೆ. ಈ ವರ್ಷ ಅಷ್ಟೆಲ್ಲ ಆಗೋದಿಲ್ಲ ಎಂದು ಅಪ್ಪ ತನಗೆ ತಾನೇ ಹೇಳಿಕೊಂಡ.

ಜೀಪಿಲ್ಲದಿದ್ದರೆ ಏನು ಕಷ್ಟ ಅನ್ನಬಹುದು ನೀವು. ಮೇಘಳ ಮನೆ ಇರುವುದು ತೋಟದಲ್ಲಿ, ಶಾಲೆ ಇರುವುದು ಹಾರನಹಳ್ಳಿಯಲ್ಲಿ. ನಡುವೆ ಒಂದು ಹಳ್ಳ. ಆ ವರ್ಷ ಒಳ್ಳೆಯ ಮಳೆಯಾಗಿ ಮೇಲಿನ ಕೆರೆ ಕೋಡಿ ಬಿದ್ದಿತ್ತು. ದೀಪಾವಳಿ ಕಳೆದು ಎಷ್ಟೋ ದಿನವಾದರೂ ಹಳ್ಳದಲ್ಲಿ ನೀರು ಇಳಿದಿರಲಿಲ್ಲ. ಬೈಕ್ ಇಳಿಸಿದರೆ ಮಧ್ಯದಲ್ಲೇ ಬಂದ್ ಆಗುತ್ತದೆ. ಕೆರೆ ಏರಿ ಬಳಸಿ ನಡೆದುಕೊಂಡು ಹೋದರೆ ಪ್ರೇಯರ್ ಇರಲಿ, ಫಸ್ಟ್ ಪೀರಿಯಡ್ಡೂ ಮುಗಿದಿರುತ್ತದೆ. ಜೀಪು ಮಾತ್ರ ಬುಸ್ ಬುಸ್ ಅನ್ನುತ್ತಾ ದಾಟಿಬಿಡುತ್ತಿತ್ತು.

ಮರುದಿನ ಅಪ್ಪ ಮೇಘಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳ್ಳ ದಾಟಿಸಿದ. ಅದರ ಮರುದಿನವೂ ಹಾಗೇ. ಅವಳಿಗೆ ಮಜಾ ಅನ್ನಿಸಿತು. ಮೇಲಿಂದ ಕೂತು ಮೀನು ನೋಡುತ್ತಿದ್ದಳು. ಮೂರನೆಯ ದಿನ ಪಾಚಿಗಟ್ಟಿದ ಕಲ್ಲಿನ ಮೇಲೆ ಅಪ್ಪನ ಕಾಲು ಜಾರಿತು. ಇಬ್ಬರೂ ದಬಾರನೆ ನೀರಿಗೆ ಬಿದ್ದರು. ಊಟದ ಡಬ್ಬಿ ತೇಲಿಕೊಂಡು ಹೋಯಿತು.

ಮೇಘ ಎದ್ದು ನಿಂತು ನಗುವುದಕ್ಕೆ ಶುರು ಮಾಡಿದಳು. ಅಪ್ಪ ನಗಲಿಲ್ಲ. ಅವನ ಮೊಣಕಾಲು ತರಚಿ ರಕ್ತ ಬರುತ್ತಿತ್ತು. ಅವನು ಅದನ್ನು ನೋಡಿಕೊಳ್ಳದೆ ಅವಳ ತಲೆ, ಕೈ, ಬೆನ್ನು ಎಲ್ಲ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಮೇಘ ನಗು ನಿಲ್ಲಿಸಿದಳು.

ಅವತ್ತು ಸಂಜೆ ಕಾಫಿ ಕುಡಿಯುವಾಗ ಅಪ್ಪ ಲೋಟ ನೋಡುತ್ತಲೇ ಹೇಳಿದ:

“ಸಂಕ್ರಾಂತಿ ಕಳೀಲಿ ಮಗಾ, ನೀನು ಹಳೇಬೀಡಿಗೆ ಹೋಗ್ಬಿಡು. ದೊಡ್ಡಮ್ಮನ ಮನೇಲಿ ಇದ್ಕಂಡು ಓದು. ಫೋನ್ ಮಾಡಿ ಹೇಳಿವ್ನಿ.”

ಜೀಪನ್ನು ಗುಜರಿಯವನಿಗೆ ಕೊಡುವುದು ಎಂದೂ ಹೇಳಿದ. ಭಾನುವಾರ ಅವನು ಟ್ರ್ಯಾಕ್ಟರ್ ತಂದು ಎಳೆದುಕೊಂಡು ಹೋಗುತ್ತಾನೆ.

ಹಳೇಬೀಡಿನ ಮಾಲಿನಿ ದೊಡ್ಡಮ್ಮ ಕೆಟ್ಟವಳೇನಲ್ಲ. ಹೋದಾಗಲೆಲ್ಲ ಕೋಡುಬಳೆ ಮಾಡಿಕೊಡುತ್ತಾಳೆ. ಅವಳ ಮನೆಯಿಂದ ಶಾಲೆಗೆ ನಡೆದೇ ಹೋಗಬಹುದು. ಆದರೆ ಎರಡು ದಿನ ನೆಂಟರ ಹಾಗೆ ಹೋಗಿ ಬರುವುದು ಬೇರೆ, ಅಲ್ಲೇ ಇರುವುದು ಬೇರೆ. ಅಲ್ಲಿ ಮಲಗುವಾಗ ಪಕ್ಕದಲ್ಲಿ ಅಜ್ಜಿಯ ಗೊರಕೆ ಇರುವುದಿಲ್ಲ. ಅಮ್ಮ ಜಡೆ ಹಾಕುತ್ತಾ ಬೈಯುವುದಿಲ್ಲ. ಮೇಘ ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು. ಅಜ್ಜಿ ಬೆನ್ನು ಸವರುತ್ತಾ ಕೂತಳು.

ಮರುದಿನ ಕೆರೆ ಏರಿ ಬಳಸಿ ತಡವಾಗಿ ಶಾಲೆಗೆ ಹೋದಾಗ, ಸುದ್ದಿ ಕೇಳಿ ಗೆಳತಿ ಪ್ರಿಯಂವದಾ ಕಣ್ಣರಳಿಸಿದಳು. ಹಳೇಬೀಡಿನಲ್ಲಿ ದಿನಾ ಟೂರಿಸ್ಟ್ ಬಸ್ ಬರುತ್ತೆ, ದಿನಾ ಐಸ್‌ಕ್ರೀಮ್ ಸಿಗುತ್ತೆ, ನೀನು ಲಕ್ಕಿ ಕಣೇ ಅಂದಳು. ಮೇಘಳಿಗೆ ಎಷ್ಟು ಸಿಟ್ಟು ಬಂತೆಂದರೆ ಮಧ್ಯಾಹ್ನದ ಊಟದವರೆಗೂ ಅವಳ ಜೊತೆ ಟೂ ಬಿಟ್ಟಳು. ಊಟದ ಹೊತ್ತಿಗೆ ಪ್ರಿಯಂವದಾ ತನ್ನ ತಟ್ಟೆಯಲ್ಲಿದ್ದ ದೊಡ್ಡ ನೆಲ್ಲಿಕಾಯಿಯನ್ನು ಕಚ್ಚಿ ಅರ್ಧ ಕೊಟ್ಟಳು. ಆಮೇಲೆ ಮೆಲ್ಲಗೆ, ನೀನು ಹೋದರೆ ನಾನು ಯಾರ ಪಕ್ಕ ಕೂರಲಿ ಅಂದಳು. ಇಬ್ಬರೂ ನೆಲ್ಲಿಕಾಯಿ ಚೀಪುತ್ತಾ ಒತ್ತಿಕೊಂಡು ಕೂತರು.

ಶನಿವಾರ ಬೆಳಗಿನ ಸ್ಕೂಲು. ಮೇಘ ಬೇಗ ಮನೆಗೆ ಬಂದಾಗ ಅಜ್ಜಿ ಕಣದ ಅಂಚಿನಲ್ಲಿ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಳು. ಬೋರಯ್ಯನ ಒಕ್ಕಣೆ ಮುಗಿದು ಕಣ ಖಾಲಿಯಾಗಿತ್ತು. ಹುಣಸೆಮರದ ಕೆಳಗೆ ಅಪ್ಪ ಜೀಪಿನಿಂದ ಬ್ಯಾಟರಿ, ಸ್ಟೆಪ್ನಿ, ಸ್ಪ್ಯಾನರ್ ಡಬ್ಬ ಒಂದೊಂದೇ ತೆಗೆದು ಕೆಳಗಿಡುತ್ತಿದ್ದ. ಮೇಘ ಆ ಕಡೆ ನೋಡದೆ ಅಜ್ಜಿಗೆ ಬೆನ್ನು ಆನಿಸಿ ಕೂತಳು.

ಅವಳ ಮನಸ್ಸನ್ನು ಬೇರೆ ಕಡೆ ತಿರುಗಿಸಲೆಂದು ಅಜ್ಜಿ ಮಾತು ತೆಗೆದಳು. ತಾನು ಮದುವೆಯಾಗಿ ಬಂದಾಗ ಸಿಮೆಂಟ್ ಕಣವೂ ಇರಲಿಲ್ಲ, ಟ್ರ್ಯಾಕ್ಟರೂ ಇರಲಿಲ್ಲ. ಸಗಣಿ ಸಾರಿಸಿದ ಮಣ್ಣಿನ ಕಣ, ನಡುವೆ ಮೇಟಿ ಅನ್ನುವ ಕಂಬ. ಆ ಕಂಬಕ್ಕೆ ಉದ್ದನೆಯ ಹಗ್ಗದಲ್ಲಿ ಎತ್ತು ಕಟ್ಟಿ ಸುತ್ತಲೂ ನಡೆಸುತ್ತಿದ್ದರು. ಎತ್ತು ತುಳಿದು ತುಳಿದು ಕಾಳು ಉದುರುತ್ತಿತ್ತು.

ಎತ್ತು ಸುತ್ತಿದರೆ ಹಗ್ಗ ಕಂಬಕ್ಕೆ ಸುತ್ತಿಕೊಳ್ಳುವುದಿಲ್ಲವಾ ಎಂದು ಮೇಘ ಕೇಳಿದಳು.

“ಸುತ್ಕಳ್ದೆ ಇದ್ದಾತಾ? ಸುತ್ಕಂಡು ಸುತ್ಕಂಡು ಎತ್ತಿನ ಕುತ್ತಿಗೆ ಕಂಬಕ್ಕೇ ಬಂದ್ಬಿಡಾದು. ಆಮೇಲೆ ಎಷ್ಟು ಹೊಡುದ್ರೂ ಮುಂದಕ್ಕೆ ಹೆಜ್ಜೆ ಇಡ್ತಿರ್ಲಿಲ್ಲ. ಎಳ್ದಷ್ಟೂ ಬಿಗಿ.”

“ಆಗೇನು ಮಾಡ್ತಿದ್ರಿ? ಹಗ್ಗ ಕೊಯ್ತಿದ್ರಾ?”

“ಹಗ್ಗ ಯಾಕವ್ವಾ ಕೊಯ್ಯಾದು? ಬಂದ ದಾರೀಲೇ ವಾಪಸ್ ಸುತ್ತಿಸಿದ್ರೆ ಆಯ್ತು. ತಾನಾಗೇ ಬಿಚ್ಕಂತದೆ.”

ಅಜ್ಜಿ ಮೊರ ತಟ್ಟುತ್ತಾ ಬೇರೇನೋ ಹೇಳುತ್ತಾ ಹೋದಳು. ಮೇಘಳಿಗೆ ಅದು ಕೇಳಿಸಲಿಲ್ಲ. ಅವಳು ಕಣದ ಸಿಮೆಂಟಿನ ಮೇಲೆ ಉಳಿದಿದ್ದ ಟೈರಿನ ಕಪ್ಪು ಗೆರೆಗಳನ್ನು ನೋಡುತ್ತಿದ್ದಳು. ಎಲ್ಲ ಗೆರೆಗಳೂ ಒಂದೇ ಕಡೆಗೆ ದುಂಡಗೆ ಸುತ್ತಿದ್ದವು. ಅವತ್ತು ಅಪ್ಪ ಬೆಳಗಿನಿಂದ ಒಂದೇ ದಿಕ್ಕಿಗೆ ಸುತ್ತಿದ್ದ. ಒಂದು ಸಲವೂ ತಿರುಗಿಸಿ ಹೊಡೆದಿರಲಿಲ್ಲ.

ಅವಳು ಎದ್ದು ಅಪ್ಪನ ಹತ್ತಿರ ಹೋದಳು.

“ಅಪ್ಪಾ, ಜೀಪೊಳಗೆ ಏನೂ ಮುರ್ದಿಲ್ದೆ, ಬರೀ ಸುತ್ಕಂಡು ಬಿಗಿಯಾಗಿದ್ರೆ?”

ಅಪ್ಪನಿಗೆ ಅರ್ಥವಾಗಲಿಲ್ಲ. ಅವಳು ಎತ್ತಿನ ಹಗ್ಗದ ಕತೆ ಹೇಳಿದಳು. ಬಂದ ದಾರಿಯಲ್ಲೇ ರಿವರ್ಸ್‌ನಲ್ಲಿ ಸುತ್ತು ಹಾಕಿ ನೋಡು ಅಂದಳು. ಅದು ಎತ್ತಲ್ಲ ಕಣೇ, ಇಂಜಿನ್ನು ಎಂದು ಅಪ್ಪ ಸಿಡುಕಿದ. ಹಲ್ಲು ಮುರಿದಿರುವಾಗ ಓಡಿಸಿದರೆ ಎಲ್ಲ ಪುಡಿಯಾಗುತ್ತದೆ ಎಂದು ತಮ್ಮಯ್ಯ ಹೇಳಿಲ್ಲವಾ ಅಂದ.

ಆದರೂ ಮೇಘ ಬಿಡಲಿಲ್ಲ.

“ನಾಳೆ ಹೆಂಗೂ ಗುಜರಿಗೆ ಹೋಗ್ತೈತಲ್ಲಪ್ಪಾ. ಪುಡಿಯಾದ್ರೆ ಆಗ್ಲಿ. ಅಲ್ಲೂ ಪುಡೀನೇ ಮಾಡೋದು.”

ಅಪ್ಪ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ತೋಟದ ಬೇಲಿಯ ಆಚೆ ನಿಂತು ಕೇಳಿಸಿಕೊಳ್ಳುತ್ತಿದ್ದ ಬೋರಯ್ಯ ಕಿಸಕ್ಕನೆ ನಕ್ಕು, “ಮಗ ನ್ಯಾಯವಾಗಿ ಕೇಳ್ತೈತೆ ಕಣ್ಲಾ ಅರುಣ, ಹೇಳು” ಅಂದ.

ಅರುಣ್‌ಕುಮಾರ್, ಅಂದರೆ ಮೇಘಳ ಅಪ್ಪ, ಜೀಪಿನ ಸುತ್ತ ಒಂದು ಸಲ ನಡೆದು ಬಂದ. ಆಮೇಲೆ ಬ್ಯಾಟರಿ ಎತ್ತಿ ಮೊದಲಿನ ಜಾಗದಲ್ಲಿಟ್ಟು ವೈರ್ ಸಿಕ್ಕಿಸಿದ.

ಇಂಜಿನ್ ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಯಿತು. ಸದ್ದು ಕೇಳಿ ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದಳು. ಅವತ್ತು ಸುತ್ತು ಹೊಡೆಯುವಾಗ ಯಾವ ಕಡೆಗೆ ಸ್ಟೇರಿಂಗ್ ತಿರುಗಿಸಿದ್ದನೋ ಅದೇ ಕಡೆಗೆ ತಿರುಗಿಸಿ ಅಪ್ಪ ರಿವರ್ಸ್ ಗೇರ್ ಹಾಕಿದ. ಜೀಪು ಕೊರ್ ಎಂದು ಕೂಗಿತು. ಒಂದು ಮೊಳ ಹಿಂದೆ ಬಂದು ನಿಂತಿತು. ಅಪ್ಪನ ಹಣೆಯಲ್ಲಿ ಬೆವರು.

ಮತ್ತೆ ಕ್ಲಚ್ ಬಿಟ್ಟ. ಜೀಪು ಇಷ್ಟಿಷ್ಟೇ ಹಿಂದಕ್ಕೆ ಸರಿಯುತ್ತಾ ಕಣದ ಮೇಲೆ ಹತ್ತಿತು. ಸಿಮೆಂಟಿನ ಮೇಲೆ ಟೈರು ಕಿರ್ರೆಂದಿತು. ಅರ್ಧ ಸುತ್ತಾಯಿತು. ಆಗ ಅಡಿಯಿಂದ ‘ಟಣ್’ ಎಂದು ಎಂಥ ಸದ್ದು ಬಂತೆಂದರೆ ಹುಣಸೆಮರದ ಕಾಗೆಗಳೆಲ್ಲ ಎದ್ದು ಹಾರಿದವು. ಅಮ್ಮ ಶಿವನೇ ಎಂದು ಎದೆಯ ಮೇಲೆ ಕೈ ಇಟ್ಟುಕೊಂಡಳು. ಮೇಘ ಕಣ್ಣು ಮುಚ್ಚಿಕೊಂಡಳು. ಮುಗಿಯಿತು, ತಾನೇ ಮುರಿಸಿಬಿಟ್ಟೆ ಎಂದು ಅವಳಿಗೆ ಅಳು ಬಂತು.

ಕಣ್ಣು ಬಿಟ್ಟಾಗ ಜೀಪು ಇನ್ನೂ ಹಿಂದಕ್ಕೆ ಬರುತ್ತಿತ್ತು. ಕೂಗಾಟವಿಲ್ಲ, ಮುಗ್ಗರಿಸುವುದಿಲ್ಲ, ಮೊದಲಿನ ಹಾಗೆ ಸಲೀಸಾಗಿ ಬರುತ್ತಿತ್ತು. ಅಪ್ಪ ಜೀಪು ನಿಲ್ಲಿಸಿ ಗಿಡ್ಡ ಲಿವರಿಗೆ ಕೈ ಹಾಕಿದ. ಎರಡು ಕೈಗೂ ಕಾಲಿಗೂ ಬಗ್ಗದಿದ್ದ ಲಿವರ್ ಎರಡು ಬೆರಳಿಗೆ ಜರುಗಿ ತನ್ನ ಜಾಗಕ್ಕೆ ಹೋಗಿ ಕೂತಿತು.

ಅಪ್ಪ ಅದನ್ನು ಮತ್ತೆ ಹಾಕಿದ, ಮತ್ತೆ ತೆಗೆದ. ನಂಬಿಕೆ ಬಾರದೆ ಇನ್ನೊಂದು ಸಲ. ಆಮೇಲೆ ಕಣದಿಂದ ಇಳಿಸಿ, ತೋಟದ ದಾರಿಯಲ್ಲಿ ಒಂದು ರೌಂಡ್ ಹೋಗಿ ಬಂದ. ಬಂದವನು ಸ್ಟೇರಿಂಗ್ ಮೇಲೆ ಹಣೆ ಇಟ್ಟುಕೊಂಡು ಕೂತುಬಿಟ್ಟ. ಎಲ್ಲರಿಗೂ ಹೋದ ಜೀವ ಬಂದಂತಾಗಿತ್ತು. “ಬೆಟ್ಟದಂಗೆ ಬಂದಿದ್ದು ಮಂಜಿನಂಗೆ ಹೋಯ್ತು ಬಿಡ್ರಪ್ಪ” ಎಂದು ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಬೋರಯ್ಯ ಬೇಲಿ ಹಾರಿ ಬಂದು, ಇನ್ನಾದರೂ ತಮ್ಮಯ್ಯನಿಗೆ ಫೋನ್ ಮಾಡಿ ನಿಜ ಹೇಳು ಎಂದು ಅಪ್ಪನ ಬೆನ್ನಿಗೆ ಗುದ್ದಿದ. ಅಪ್ಪ ಫೋನ್ ಮಾಡಿದ. ಈ ಸಲ ಕಣ, ಸಿಮೆಂಟು, ಸುತ್ತು ಯಾವುದನ್ನೂ ಬಿಡದೆ ಹೇಳಿದ. ಆ ಕಡೆಯಿಂದ ತಮ್ಮಯ್ಯ ಬೈದದ್ದು ಎಲ್ಲರಿಗೂ ಕೇಳಿಸಿತು. ಸುತ್ತುವಾಗ ಮುಂದಿನ ಚಕ್ರ ಹೆಚ್ಚು ದೂರ ಓಡಬೇಕು, ಹಿಂದಿನದು ಕಡಿಮೆ. ಕೆಸರಾದರೆ ಅಷ್ಟಿಷ್ಟು ಜಾರಿ ಸರಿಮಾಡಿಕೊಳ್ಳುತ್ತವೆ. ಸಿಮೆಂಟಿನ ಮೇಲೆ ಜಾರುವುದು ಹೇಗೆ? ಎಲ್ಲ ತಿರುಚಿಕೊಂಡು ಬಿಗಿಯಾಗುತ್ತದೆ. ಇದನ್ನು ಮೊದಲೇ ಹೇಳಿದ್ದರೆ ಫೋನಿನಲ್ಲೇ ರಿಪೇರಿ ಮಾಡಿಬಿಡುತ್ತಿದ್ದೆ ಎಂದು ಅವನು ರೇಗಿದ. ಗೇರ್ ಆಯಿಲ್ ಬದಲಾಯಿಸು, ಒಂದು ಸಲ ತಂದು ತೋರಿಸು, ಮತ್ತೇನೂ ಬೇಡ ಎಂದೂ ಹೇಳಿದ.

ಅಪ್ಪ ಅಷ್ಟು ಸಂತೋಷವಾಗಿ ಬೈಸಿಕೊಂಡದ್ದನ್ನು ಮೇಘ ಯಾವತ್ತೂ ನೋಡಿರಲಿಲ್ಲ. ಕೊನೆಗೆ ತಮ್ಮಯ್ಯ, ರಿವರ್ಸ್ ಸುತ್ತಿಸಲು ಹೇಳಿದ್ದು ಯಾವ ಮೆಕ್ಯಾನಿಕ್ ಎಂದು ಕೇಳಿದ. ಅಪ್ಪ ಮೇಘಳ ಕಡೆ ನೋಡಿ, ನಮ್ಮನೆಯವರೇ ಒಬ್ಬರು ಅಂದ.

ಗುಜರಿಯವನಿಗೆ ಬರಬೇಡ ಎಂದು ಹೇಳಿದ್ದಾಯಿತು. ಅಪ್ಪ ಸ್ಟೆಪ್ನಿ ಎತ್ತಿ ಒಳಗೆ ಹಾಕಿದ. ಅಜ್ಜಿ ರಾಗಿ ಮೂಟೆಯ ಬಾಯಿ ಕಟ್ಟಿದಳು. ಅಮ್ಮ ಫೋನನ್ನು ಮೇಘಳ ಕೈಗೆ ಕೊಟ್ಟು, ದೊಡ್ಡಮ್ಮ ಕಾಯುತ್ತಿರುತ್ತಾಳೆ, ನೀನು ಬರೋದಿಲ್ಲ ಎಂದು ನೀನೇ ಹೇಳಿಬಿಡು ಅಂದಳು.

ಮೇಘ ಕುಣಿಯುತ್ತಲೇ ಫೋನ್ ಮಾಡಿದಳು. ಜೀಪು ಸರಿಹೋಯಿತು, ನಾನು ಇನ್ನು ನಿಮ್ಮ ಮನೆಗೆ ಓದೋಕೆ ಬರಲ್ಲ, ಬೇಜಾರು ಮಾಡ್ಕೋಬೇಡ ಎಂದು ಒಂದೇ ಉಸಿರಿಗೆ ಹೇಳಿದಳು.

“ಯಾವಾಗ ಬತ್ತೀನಿ ಅಂದಿದ್ದೆ?” ಅಂದಳು ದೊಡ್ಡಮ್ಮ. “ನಂಗ್ಯಾರೂ ಹೇಳೇ ಇಲ್ವಲ್ಲೇ. ಏನಾಯ್ತೇ? ಎಲ್ಲಿ, ನಿಮ್ಮಪ್ಪನಿಗೆ ಕೊಡು ಫೋನು.”

ಮೇಘಳ ಕುಣಿತ ನಿಂತಿತು. ಅವಳು ಅಪ್ಪನ ಕಡೆ ತಿರುಗಿದಳು. ಅಪ್ಪ ಬಟ್ಟೆ ಹಿಡಿದು ಜೀಪಿನ ದೀಪ ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. ಈ ಕಡೆ ತಲೆ ಎತ್ತಲಿಲ್ಲ.

ಫೋನ್ ಮಾಡಿ ಹೇಳಿವ್ನಿ ಅಂದಿದ್ದನಲ್ಲ ಅಪ್ಪ, ಲೋಟ ನೋಡಿಕೊಂಡು. ಅವಳನ್ನು ಕಳಿಸುವ ಮಾತು ಆಡಲು ಅವನಿಗೂ ಮನಸ್ಸು ಬಂದಿರಲಿಲ್ಲ.

“ಏನಿಲ್ಲ ದೊಡ್ಡಮ್ಮ” ಅಂದಳು ಮೇಘ ನಿಧಾನವಾಗಿ. “ಹಬ್ಬಕ್ಕೆ ಎಳ್ಳು ತಗಂಡು ಬತ್ತೀವಿ. ಎಲ್ಲರೂ ಬತ್ತೀವಿ.”

ಫೋನನ್ನು ಅಮ್ಮನಿಗೆ ಕೊಟ್ಟು ಅವಳು ಇನ್ನೊಂದು ಬಟ್ಟೆ ಹುಡುಕಿ ತಂದಳು. ಅಪ್ಪನ ಪಕ್ಕದಲ್ಲಿ ಕೂತು ಇನ್ನೊಂದು ದೀಪ ಒರೆಸತೊಡಗಿದಳು. ಅಪ್ಪ ಸ್ವಲ್ಪ ಸರಿದು ಅವಳಿಗೆ ಜಾಗ ಬಿಟ್ಟ.